ಪರವೋ ವಿರೋಧವೋ ಅಂತ ಕೇಳಿದ್ದೀರಿ

ಪ್ರಿಯ ಓದುಗರೇ,

ಕುಲಾಂತರಿ ಬೆಳೆಗಳ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ಸಿಕ್ಕಿತು. ಕೋಪದಲ್ಲೇ ಬರೆದಿದ್ದೀರಿ, ಆದರೆ ಕೇಳಿದ್ದೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಬ್ಯಾಕ್ಟೀರಿಯಾದ ಜೀನನ್ನು ಗಿಡದೊಳಗೆ ತುರುಕುವುದು ಪ್ರಕೃತಿಗೆ ವಿರುದ್ಧ ಅಲ್ವಾ, ಹುಳವನ್ನೇ ಕೊಲ್ಲುವ ಬೆಳೆಯನ್ನು ಮನುಷ್ಯ ತಿಂದರೆ ಗತಿ ಏನು, ಆ ಬೀಜ ಮರುವರ್ಷ ಮೊಳೆಯುವುದೇ ಇಲ್ಲವಂತೆ ನಿಜವಾ, ಕೊನೆಗೆ ‘ಸಂಪಾದಕರೇ, ನೀವು ಪರವೋ ವಿರೋಧವೋ, ಒಂದೇ ಮಾತಲ್ಲಿ ಹೇಳಿ’ ಅಂತ. ಒಂದೇ ಮಾತಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ‘ಪ್ರಕೃತಿಗೆ ವಿರುದ್ಧ’ ಅನ್ನುವ ಮಾತು. ಗುಲಾಬಿ, ದ್ರಾಕ್ಷಿ, ಸೇಬಿನ ಗಿಡಗಳ ಬುಡದಲ್ಲಿ, ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ಒಮ್ಮೊಮ್ಮೆ ಗಂಟು ಕಟ್ಟುತ್ತದೆ. ಮೊದಲು ಬೆಳ್ಳಗೆ, ಮೆತ್ತಗೆ ಇರುತ್ತದೆ. ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಇದನ್ನು ಮಾಡುವುದು ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಗಾಯವಾದ ಕಡೆ ಸೇರಿಕೊಂಡು ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ಡಿಎನ್‌ಎಗೇ ಸೇರಿಸಿಬಿಡುತ್ತದೆ. ಗಿಡ ಅದನ್ನು ತನ್ನದೇ ಅಂತ ಪಾಲಿಸುತ್ತದೆ, ಗಂಟು ಬೆಳೆಸುತ್ತದೆ, ಬ್ಯಾಕ್ಟೀರಿಯಾಕ್ಕೆ ಆಹಾರವನ್ನೂ ತಯಾರಿಸಿ ಕೊಡುತ್ತದೆ. ಈ ತುಂಡು ಗಿಡದೊಳಗೆ ಇರುವುದನ್ನು 1977ರಲ್ಲಿ ವಿಜ್ಞಾನಿ ಮೇರಿ-ಡೆಲ್ ಚಿಲ್ಟನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಗಂಟು ಬರಿಸುವ ಜೀನನ್ನು ತೆಗೆದು ಆ ಜಾಗದಲ್ಲಿ ನಮಗೆ ಬೇಕಾದ ಜೀನ್ ಇಟ್ಟರೆ ಬ್ಯಾಕ್ಟೀರಿಯಾ ಅದನ್ನೂ ಒಯ್ದು ಗಿಡಕ್ಕೆ ಸೇರಿಸುತ್ತದೆ. 1983ರ ಮೊದಲ ಕುಲಾಂತರಿ ತಂಬಾಕು ಗಿಡಗಳು ಹುಟ್ಟಿದ್ದು ಹೀಗೆ.

ಇನ್ನೂ ಒಂದಿದೆ. ಗೆಣಸಿನ 291 ಮಾದರಿಗಳನ್ನು ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಷ್ಟೂ ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾದ ಡಿಎನ್‌ಎ ಇತ್ತು. ಯಾರೂ ತುರುಕಿದ್ದಲ್ಲ, ಎಂದೋ ತಾನಾಗಿ ಸೇರಿದ್ದು. ಹಾಗಂತ ಲ್ಯಾಬಿನಲ್ಲಿ ಮಾಡಿದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ‘ಪ್ರಕೃತಿಯಲ್ಲಿ ಇಂಥದ್ದು ನಡೆಯುವುದೇ ಇಲ್ಲ’ ಅನ್ನುವ ವಾದ ನಿಲ್ಲುವುದಿಲ್ಲ, ಅಷ್ಟೇ.

ಇನ್ನು ಹುಳದ ವಿಷಯ. ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಅದರ ಜೀನ್ ಸೇರಿಸಿದ ಬೆಳೆ ತಯಾರಿಸುವ ಬಿಟಿ ಪ್ರೋಟೀನ್ ಕಂಬಳಿಹುಳದ ಜಾತಿಯ ಹುಳಗಳ ಕರುಳಿನಲ್ಲಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಆಮ್ಲ ಇಲ್ಲ, ಕ್ಷಾರ ಇದೆ. ಕರುಳಿನ ಗೋಡೆಯಲ್ಲಿ ತನಗೆ ಹೊಂದುವ ಜಾಗಕ್ಕೆ ಅಂಟಿಕೊಂಡು ತೂತು ಮಾಡುತ್ತದೆ. ಹುಳ ತಿನ್ನುವುದನ್ನು ನಿಲ್ಲಿಸಿ ಕೆಲವು ದಿನದಲ್ಲಿ ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲ ಇದೆ, ಪ್ರೋಟೀನ್ ಅಲ್ಲೇ ಜೀರ್ಣವಾಗುತ್ತದೆ. ಅದು ಅಂಟಿಕೊಳ್ಳುವಂಥ ಜಾಗವೂ ನಮ್ಮ ಕರುಳಿನಲ್ಲಿ ಇಲ್ಲ. ಈ ಬಿಟಿ ಬ್ಯಾಕ್ಟೀರಿಯಾವನ್ನು ಸಾವಯವ ಕೃಷಿಕರೂ ಸಿಂಪಡಿಸುತ್ತಾರೆ. ಆದರೆ ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ಒಮ್ಮೆ ಸೋಯಾಬೀನಿಗೆ ಬ್ರೆಜಿಲ್ ನಟ್‌ನ ಜೀನ್ ಸೇರಿಸಿದ್ದರು. ಆ ಬೀಜದ ಅಲರ್ಜಿ ಇರುವವರಿಗೆ ಈ ಸೋಯಾ ಕೂಡ ಆಗುವುದಿಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು, 1996ರಲ್ಲಿ ಅದು ಪ್ರಕಟವಾಯಿತು, ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಪ್ರತಿ ಹೊಸ ಬೆಳೆಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನನಗೆ ಜಾಸ್ತಿ ಚಿಂತೆ ಇರುವುದು ನೀವು ಕೇಳದೇ ಇರುವ ಒಂದು ವಿಷಯದಲ್ಲಿ, ಹುಳಗಳು ಬಿಟಿಗೇ ಒಗ್ಗಿಕೊಳ್ಳುವುದರಲ್ಲಿ. ಹತ್ತಿಗೆ ಬರುವ ಗುಲಾಬಿ ಕಾಯಿಕೊರಕ ಎಂಬ ಹುಳವನ್ನೇ ನೋಡಿ. ಮರಿಹುಳು ಎಳೆ ಹತ್ತಿಕಾಯಿಯನ್ನು ಕೊರೆದು ಒಳಗೆ ಹೋಗುತ್ತದೆ, ಹೋದ ತೂತು ಮುಚ್ಚಿಕೊಂಡುಬಿಡುತ್ತದೆ. ಹೊರಗಿನಿಂದ ಕಾಯಿ ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ. ಬಿಡಿಸಿದರೆ ಒಳಗೆ ಬೀಜ ಟೊಳ್ಳು, ಅರಳೆಗೆ ಕಲೆ. ಸಿಂಪಡಿಸಿದ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ. ಇದಕ್ಕೆ ಬಿಟಿ ಹತ್ತಿ ಮದ್ದಾಗಿತ್ತು. ಅಮೆರಿಕದ ಅರಿಜೋನಾದಲ್ಲಿ ರೈತರು 1996ರಿಂದ ಬಿಟಿ ಹತ್ತಿಯ ಹತ್ತಿರವೇ ಬಿಟಿ ಅಲ್ಲದ ಹತ್ತಿಯನ್ನೂ ಬೆಳೆದರು. ಅಲ್ಲಿ ಬದುಕಿದ ಮಾಮೂಲಿ ಪತಂಗಗಳು ಬಿಟಿಯನ್ನು ಜಯಿಸಿದ ಒಂದೆರಡು ಪತಂಗಗಳ ಜೊತೆ ಕೂಡಿದರೆ, ಮರಿಗಳು ಮತ್ತೆ ಬಿಟಿಗೆ ಸಾಯುತ್ತವೆ, ಅದು ಲೆಕ್ಕಾಚಾರ. 2006ರಿಂದ ಸಂತಾನಶಕ್ತಿ ತೆಗೆದ ಪತಂಗಗಳನ್ನೂ ವಿಮಾನದಿಂದ ಬಿಟ್ಟರು. 2018ರಲ್ಲಿ ದೇಶದ ಹತ್ತಿ ಬೆಳೆಯುವ ಪ್ರದೇಶಗಳಲ್ಲಿ ಆ ಹುಳ ಇಲ್ಲ ಅಂತ ಅಮೆರಿಕ ಸರ್ಕಾರ ಘೋಷಿಸಿತು.

ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಸುತ್ತ ಬಿಟಿ ಅಲ್ಲದ ಹತ್ತಿ ಹಾಕಬೇಕು ಅಂತ ಇಲ್ಲೂ ನಿಯಮ ಇತ್ತು. ಹಾಕಿದವರು ಕಡಿಮೆ. ರೈತರನ್ನು ದೂರುವುದು ಸುಲಭ, ಆದರೆ ಹುಳ ತಿನ್ನಲಿ ಅಂತ ನೆಲ ಬಿಟ್ಟುಕೊಡಿ ಅಂತ ಸಣ್ಣ ಹಿಡುವಳಿಯವರಿಗೆ ಹೇಳಿದರೆ, ಯಾಕೆ ಅಂತ ಕೂತು ವಿವರಿಸುವವರೂ ಬೇಕಿತ್ತು. 2010ರ ಹೊತ್ತಿಗೆ ಒಂದು ಜೀನಿನ ಬಿಟಿಗೆ ಹುಳ ಒಗ್ಗಿಕೊಂಡಿತ್ತು, ಆಮೇಲೆ ಎರಡು ಜೀನಿನದಕ್ಕೂ. ಹುಳ ಅದೇ, ತಂತ್ರವೂ ಅದೇ. ಅಲ್ಲಿ ಗೆದ್ದಿತು, ಇಲ್ಲಿ ಸೋತಿತು. ಈಗ ಹೇಳಿ, ಪರ ಅನ್ನಲಾ, ವಿರೋಧ ಅನ್ನಲಾ?

ಕಳೆನಾಶಕ ಹೊಡೆದರೂ ಸಾಯದ ಕುಲಾಂತರಿ ಬೆಳೆಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಒಂದೇ ಔಷಧಿಯನ್ನು ವರ್ಷವರ್ಷ ಹೊಡೆದರೆ ಕಳೆಗಳೂ ಒಗ್ಗಿಕೊಳ್ಳುತ್ತವೆ, ಆದದ್ದೂ ಅದೇ. ಪರಂಗಿಯ ವಿಷಯದಲ್ಲಿ ನಾನು ಪೂರ್ತಿ ಪರ. ಅಮೆರಿಕದ ಹವಾಯಿ ದ್ವೀಪದ ಪೂನಾ ಪ್ರದೇಶದಲ್ಲಿ 1992ರಲ್ಲಿ ಪರಂಗಿಯ ಉಂಗುರ ಚುಕ್ಕೆ ವೈರಸ್ ಕಾಣಿಸಿಕೊಂಡು ತೋಟಗಳು ಒಂದೊಂದಾಗಿ ಹಾಳಾದವು. ಸಸ್ಯರೋಗ ವಿಜ್ಞಾನಿ ಡೆನಿಸ್ ಗೊನ್ಸಾಲ್ವಿಸ್ ಮತ್ತು ಜೊತೆಗಾರರು ಆ ವೈರಸ್ಸಿನದೇ ಹೊದಿಕೆಯ ಜೀನನ್ನು ಪರಂಗಿಗೆ ಸೇರಿಸಿ ರೋಗ ತಡೆದರು. 1998ರಲ್ಲಿ ಸನ್‌ಅಪ್, ರೇನ್‌ಬೋ ಎಂಬ ಎರಡು ತಳಿಗಳ ಬೀಜ ರೈತರ ಕೈಗೆ ಬಂತು.

ಬೀಜದ ಪ್ರಶ್ನೆಗೂ ಈ ಪರಂಗಿಯಲ್ಲೇ ಉತ್ತರ ಇದೆ. ಮೊಳೆಯದ ಬೀಜ, ‘ಟರ್ಮಿನೇಟರ್’ ಅಂತ ಹೆಸರಾದದ್ದು, ಅದಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಅದು ಮಾರಾಟಕ್ಕೆ ಬರಲೇ ಇಲ್ಲ. ಮರುವರ್ಷ ಬೆಳೆ ಕೆಡುವುದು ಹೈಬ್ರಿಡ್ ಆದದ್ದಕ್ಕೆ, ಕುಲಾಂತರಿ ಆದದ್ದಕ್ಕೆ ಅಲ್ಲ. ನಮ್ಮ ಲೇಖನದಲ್ಲಿ ಎರಡನ್ನೂ ಬೆರೆಸಿ ಬರೆದಿದ್ದೆವು. ಅದು ನಮ್ಮ ತಪ್ಪು, ಕ್ಷಮಿಸಿ. ಸನ್‌ಅಪ್ ಹೈಬ್ರಿಡ್ ಅಲ್ಲ. ತನ್ನದೇ ಪರಾಗದಿಂದ ಕಟ್ಟಿದ ಹಣ್ಣಿನ ಬೀಜ ಎತ್ತಿಟ್ಟು ಹಾಕಿದರೆ ಮತ್ತೆ ಸನ್‌ಅಪ್ಪೇ ಬರುತ್ತದೆ. ರೇನ್‌ಬೋ ಹೈಬ್ರಿಡ್, ಸನ್‌ಅಪ್‌ಗೆ ಮಾಮೂಲಿ ಪರಂಗಿ ಸೇರಿಸಿ ಮಾಡಿದ್ದು. ಅದರ ಬೀಜವೂ ಮೊಳೆಯುತ್ತದೆ, ಗಿಡವೂ ಆಗುತ್ತದೆ. ಆದರೆ ನಾಲ್ಕು ಸಸಿಯಲ್ಲಿ ಸುಮಾರು ಒಂದಕ್ಕೆ ಆ ಜೀನ್ ಬಂದಿರುವುದಿಲ್ಲ. ವೈರಸ್ ತೋಟಕ್ಕೆ ಬಂದಾಗ ರೋಗ ಹತ್ತುವುದು ಆ ಸಸಿಗೆ.

ಇಂತಿ,
ಸಂಪಾದಕ