ಮೊದಲು ಅರಬ್ಬಿ ಓದಬಲ್ಲವರನ್ನು ಸೇರಿಸಿಕೊಳ್ಳಿ

ತಂಗಿ, ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯದಲ್ಲಿ ಹತ್ತು ವರ್ಷ ವಕೀಲಿ ಮಾಡಿ, ಕಳೆದ ತಿಂಗಳು ದುಬೈಗೆ ಬಂದು ಕಂಪನಿಯೊಂದರ ಕಾನೂನು ವಿಭಾಗದ ಹೊಣೆ ಹೊತ್ತಿರುವ ನೀವು, "ಅಕ್ಕಾ, ಇಲ್ಲಿಯ ಬದುಕು ಹೇಗೆ, ಇಬ್ಬರೇ ಇರುವ ತಂಡವನ್ನು ಬೆಳೆಸುವುದು ಹೇಗೆ" ಎಂದು ಕೇಳಿದ್ದೀರಿ. ಬಾಡಿಗೆ ಹೆಚ್ಚು, ಸೆಕೆ ಹೆಚ್ಚು, ಊರಿನವರಿಗೆ ಬರವಿಲ್ಲ. ಬದುಕಿನ ಬಗ್ಗೆ ಇಷ್ಟು ಸಾಕು.

ಇಲ್ಲಿ ಎರಡು ಬಗೆಯ ನ್ಯಾಯಾಲಯಗಳಿವೆ. ಡಿಐಎಫ್‌ಸಿ ಎಂಬ ಹಣಕಾಸು ವಲಯದ ನ್ಯಾಯಾಲಯಗಳು ಇಂಗ್ಲಿಷಿನಲ್ಲಿ, ಹಿಂದಿನ ತೀರ್ಪುಗಳನ್ನು ಆಧರಿಸುವ ಕಾಮನ್ ಲಾ ಪದ್ಧತಿಯಂತೆ ನಡೆಯುತ್ತವೆ. ಉಳಿದ ದುಬೈ ನ್ಯಾಯಾಲಯಗಳ ಭಾಷೆ ಅರಬ್ಬಿ. ನಾನು ವಿಭಾಗದ ಮುಖ್ಯಸ್ಥೆಯಾದಾಗ ನನ್ನಂತೆಯೇ ಇಂಗ್ಲಿಷಿನಲ್ಲಿ ಸೊಗಸಾಗಿ ಕರಡು ಬರೆಯುವವರನ್ನೇ ಮೊದಲು ಸೇರಿಸಿಕೊಂಡೆ. ಗೋದಾಮಿನ ಬಾಡಿಗೆಯ ತಕರಾರು ಎದ್ದಾಗಲಷ್ಟೇ ತಿಳಿಯಿತು, ಒಪ್ಪಂದದ ಇಂಗ್ಲಿಷ್ ಭಾಗದಲ್ಲಿ ಅರುವತ್ತು ದಿನಗಳೆಂದಿದ್ದ ನೋಟಿಸಿನ ಅವಧಿ ಅರಬ್ಬಿ ಭಾಗದಲ್ಲಿ ತೊಂಬತ್ತಾಗಿತ್ತು. ನಮ್ಮಲ್ಲಿ ಅದನ್ನು ಓದಿದವರೇ ಇರಲಿಲ್ಲ. ಸರಕಾರದಿಂದ ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಕಾನೂನು ಕೊಟ್ಟಿದ್ದರೂ ಮಲಯಾಳದ ನೋಟಿಸು ಹಿಡಿದು ಓದಿಸಿಕೊಳ್ಳಲು ಬರುವ ಹಿರಿಯರನ್ನು ಅಂಗಳದಲ್ಲಿ ನೋಡುತ್ತಲೇ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ನಿಮ್ಮ ಮೂರನೆಯ ವ್ಯಕ್ತಿ ಅರಬ್ಬಿಯಲ್ಲಿ ಕಾನೂನು ಓದಿದವರಾಗಿರಲಿ.

ಆ ಬಳಿಕ ಬಂದದ್ದು 2020ರ ಮಾರ್ಚ್. ಸರಕು ನಿಂತಿತು, ಪಾವತಿ ನಿಂತಿತು; "ಫೋರ್ಸ್ ಮಜೂರ್ (ಕೈಮೀರಿದ ಘಟನೆ) ಎಂದು ಎಲ್ಲರಿಗೂ ಪತ್ರ ಬರೆದುಬಿಡಿ" ಎಂದು ಆಡಳಿತ ಮಂಡಳಿ ಅವಸರಪಡಿಸಿತು. ಆಗ ಜಾರಿಯಲ್ಲಿದ್ದ 1985ರ ಇಲ್ಲಿಯ ನಾಗರಿಕ ಕಾನೂನಿನ 273ನೆಯ ವಿಧಿಯ ಪ್ರಕಾರ, ಕರಾರನ್ನು ನೆರವೇರಿಸುವುದು ಅಸಾಧ್ಯವಾದರೆ ಒಪ್ಪಂದವೇ ಬಿದ್ದುಹೋಗುತ್ತಿತ್ತು. ಅಸಾಧ್ಯವಲ್ಲ, ಆದರೆ ವಿಪರೀತ ಹೊರೆಯಾಗಿದೆ ಎಂದಾದರೆ 249ನೆಯ ವಿಧಿಯಡಿ ನ್ಯಾಯಾಧೀಶರು ಹೊರೆಯನ್ನು ಇಳಿಸಬಹುದಿತ್ತು. ಇಂಗ್ಲಿಷ್ ಕಾನೂನಿಗೆ ಒಳಪಟ್ಟ ಒಪ್ಪಂದಗಳಲ್ಲಾದರೋ ಫೋರ್ಸ್ ಮಜೂರ್ ಎಂಬುದು ಬರೆದಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಉಳಿಯುವುದು, ನೆರವೇರಿಕೆಯೇ ಅಸಾಧ್ಯವಾಗಿ ಒಪ್ಪಂದ ತಾನಾಗಿ ಮುಗಿಯುವ ಫ್ರಸ್ಟ್ರೇಷನ್ ಎಂಬ ಬಹಳ ಇಕ್ಕಟ್ಟಿನ ದಾರಿ. ಹಾಗಿರುವಾಗ ಎಲ್ಲರಿಗೂ ಒಂದೇ ಪತ್ರ ಕಳುಹಿಸಿದರೆ, ತಪ್ಪಿದವರು ನಾವೇ ಎಂದು ಬರೆದುಕೊಟ್ಟಂತಾಗುತ್ತಿತ್ತು. ಮೂರು ದಿನಗಳ ಗಡುವು ಬೇಡಿಕೊಂಡೆ. ನಾಲ್ವರು ಮನೆಗಳಿಂದಲೇ ಹಗಲಿರುಳು ಕುಳಿತು, ಯಾವ ಒಪ್ಪಂದಕ್ಕೆ ಯಾವ ದೇಶದ ಕಾನೂನು, ಯಾವ ನ್ಯಾಯಾಲಯ, ನೋಟಿಸು ಎಷ್ಟು ದಿನಗಳೊಳಗೆ ಎಂಬ ಪಟ್ಟಿಯನ್ನು ಸಿದ್ಧಪಡಿಸಿದೆವು. ಹೊರಗಿನ ವಕೀಲರಿಗೆ ಕೇಳಬೇಕಾದ ಪ್ರಶ್ನೆಗಳು ಕೊನೆಗೆ ಐದಾರೇ ಉಳಿದವು.

ನಿಮ್ಮ ಕಂಪನಿ ಇನ್ನೆರಡು ದೇಶಗಳಿಗೆ ಕಾಲಿಡಲಿದೆ ಎಂದಿದ್ದೀರಿ. ಈ ಪಟ್ಟಿಯನ್ನು ಅದಕ್ಕಿಂತ ಮೊದಲೇ ಮಾಡಿಸಿ. ಬರುವ ಶನಿವಾರ ಮನೆಗೆ ಬಂದರೆ, ಹೆಸರುಗಳನ್ನೆಲ್ಲ ತೆಗೆದ ಒಂದು ಖಾಲಿ ನಮೂನೆಯನ್ನು ತೋರಿಸುತ್ತೇನೆ. ಊಟ ನಮ್ಮಲ್ಲಿಯೇ.