ಬೈಕ್ ಸರ್ವೀಸ್: ಮನೆಯಲ್ಲಾ, ಶೋರೂಮಿನಲ್ಲಾ?

ಪ್ರಶ್ನೆ: ಸರ್, ನಾನು ವಿಜಯನಗರದಿಂದ ದಿನಾ ಮಾರತಹಳ್ಳಿಗೆ 150 ಸಿಸಿ ಬೈಕಿನಲ್ಲಿ ಹೋಗಿಬರುತ್ತೇನೆ. ಗಾಡಿ ತೆಗೆದುಕೊಂಡು ಒಂದೂವರೆ ವರ್ಷ ಆಯಿತು. ಫ್ರೀ ಸರ್ವೀಸ್ ಎಲ್ಲಾ ಮುಗಿದವು. ಮೊದಲ ಪೇಯ್ಡ್ ಸರ್ವೀಸ್‌ಗೆ 2,650 ರೂಪಾಯಿ ಬಿಲ್ ಬಂತು. ಪಾಲಿಶ್, ಎಂಜಿನ್ ಫ್ಲಶ್ ಅಂತ ನಾನು ಕೇಳದೇ ಇದ್ದದ್ದೂ ಅದರಲ್ಲಿದೆ. ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಿಕೋ ಅಂತಾನೆ ಗೆಳೆಯ. ವಾರಂಟಿ ಹೋಗುತ್ತೆ, ಶೋರೂಮಿಗೇ ಕೊಡು ಅಂತಾರೆ ಅಪ್ಪ. ಯಾರ ಮಾತು ಕೇಳಲಿ?
— ಓದುಗರು, ವಿಜಯನಗರ

ಉತ್ತರ: ವಾರಂಟಿ ವಿಷಯದಲ್ಲಿ ನಿಮ್ಮ ತಂದೆ ಹೇಳಿದ್ದೇ ಸರಿ. ಆದರೆ ಶೋರೂಮಿಗೆ ಬಿಟ್ಟರೆ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಯಾವ ಕೆಲಸ ಸುಲಭ, ಯಾವುದು ಕಷ್ಟ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಆ ಕೆಲಸ ಎಷ್ಟು ದಿನಕ್ಕೊಮ್ಮೆ ಆಗಬೇಕು?

ಚೈನ್ ತೆಗೆದುಕೊಳ್ಳಿ. ಸುಮಾರು 500 ಕಿ.ಮೀ.ಗೊಮ್ಮೆ ಅದನ್ನು ಒರೆಸಿ ಲ್ಯೂಬ್ ಹಾಕಬೇಕು, ಮಳೆಗಾಲದಲ್ಲಿ ಇನ್ನೂ ಬೇಗ. ನೀವು ಹೋಗಿಬರುವ ದೂರಕ್ಕೆ ಅದು ಎರಡು ವಾರಕ್ಕೊಮ್ಮೆ ಬರುತ್ತದೆ. ಸರ್ವೀಸ್ ಇರುವುದು ಐದಾರು ಸಾವಿರ ಕಿ.ಮೀ.ಗೊಮ್ಮೆ. ಅಂದರೆ ಎರಡು ಸರ್ವೀಸ್ ನಡುವೆ ಹತ್ತು ಸಲ ಚೈನ್ ನೋಡಬೇಕು, ಶೋರೂಮಿನವರು ನೋಡುವುದು ಒಂದೇ ಸಲ. ಉಳಿದ ಒಂಬತ್ತು ಸಲ ಯಾರು ಮಾಡುತ್ತಾರೆ? ನೀವು ಮಾಡದಿದ್ದರೆ ಯಾರೂ ಇಲ್ಲ. ಆಮೇಲೆ ಚೈನ್ ಮತ್ತು ಅದು ಓಡುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಎರಡೂ ಬೇಗ ಸವೆದು ದೊಡ್ಡ ಬಿಲ್ ಬಂದಾಗ ಸುಮ್ನೆ ಮೆಕ್ಯಾನಿಕ್ ಮೇಲೆ ಸಿಟ್ಟು ಮಾಡಿಕೊಳ್ಳುತ್ತೇವೆ. ಟೈರ್ ಗಾಳಿ, ಆಯಿಲ್ ಲೆವೆಲ್, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ನೋಡುವುದು, ಕ್ಲಚ್ ಕೇಬಲ್ ಸಡಿಲ ಆಗಿದೆಯಾ ಅನ್ನೋದು, ಇವೆಲ್ಲಾ ಇದೇ ಜಾತಿಯವು. ಇವನ್ನು ಮನೆಯಲ್ಲಿ ಮಾಡಿದರೆ ಯಾವ ಕಂಪನಿಯ ವಾರಂಟಿಯೂ ಹೋಗುವುದಿಲ್ಲ. ಮಾಲೀಕರೇ ನೋಡಿಕೊಳ್ಳಬೇಕು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ಬರೆದಿರುತ್ತಾರೆ.

ಚೈನ್ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಬೆರಳು ಕಳೆದುಕೊಳ್ಳುವುದು ಇಲ್ಲೇ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆನ್ ಮಾಡಿ, ಫಸ್ಟ್ ಗೇರಿನಲ್ಲಿ ಚೈನ್ ತಿರುಗುತ್ತಿರುವಾಗ ಬಟ್ಟೆ ಹಿಡಿದು ಒರೆಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಸ್ಪ್ರಾಕೆಟ್ ಹಲ್ಲಿನ ನಡುವೆ ಹೋಗುತ್ತದೆ, ಎಳೆದುಕೊಳ್ಳೋಕೆ ಸಮಯವೇ ಇರುವುದಿಲ್ಲ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ. ಕೊಳೆ ಬಿಡಿಸಲು ಚೈನ್ ಕ್ಲೀನರ್ ಅಥವಾ ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್ ಸಾಕು. ಪೆಟ್ರೋಲ್ ಬೇಡ, ಓ-ರಿಂಗ್ ಚೈನ್ ಆದರೆ ಒಳಗಿನ ರಬ್ಬರ್ ರಿಂಗ್ ಹಾಳಾಗುತ್ತದೆ. ಒರೆಸಿ ಒಣಗಿದ ಮೇಲೆ ಚೈನ್ ಲ್ಯೂಬ್ ಅಥವಾ 90 ನಂಬರ್ ಗೇರ್ ಆಯಿಲ್ ಒಳಮೈಗೆ ತೆಳ್ಳಗೆ ಹಾಕಿ. ರಾತ್ರಿ ಹಾಕಿ ಬಿಟ್ಟರೆ ಒಳ್ಳೆಯದು. ಕೆಳಗಿನ ಚೈನನ್ನು ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಹೆಚ್ಚಿನ ಸಣ್ಣ ಬೈಕುಗಳಲ್ಲಿ ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು, ನಿಮ್ಮ ಗಾಡಿಯ ಸರಿಯಾದ ಅಳತೆ ಪುಸ್ತಕದಲ್ಲಿರುತ್ತದೆ. ಬಿಗಿ ಇದ್ದಷ್ಟೂ ಒಳ್ಳೆಯದು ಅಂತ ಕೆಲವರು ನಂಬಿದ್ದಾರೆ. ಅತಿ ಬಿಗಿಯಾದರೆ ಬೇರಿಂಗ್ ಮೇಲೆ ಭಾರ ಬಿದ್ದು ಸವೆಯುತ್ತದೆ.

ಇನ್ನು ಆಯಿಲ್ ಚೇಂಜ್. ಅದನ್ನು ಮನೆಯಲ್ಲಿ ಮಾಡಬಹುದು, ಆದರೆ ವಾರಂಟಿ ಇರುವವರೆಗೆ ಬೇಡ. ಈಗ ಹಲವು ಕಂಪನಿಗಳು ಐದು ವರ್ಷದವರೆಗೂ ವಾರಂಟಿ ಕೊಡುತ್ತವೆ. ಎಂಜಿನ್ನಿಗೆ ಏನಾದರೂ ಆಗಿ ಕ್ಲೈಮ್ ಕೇಳಿದಾಗ ಅವರು ಮೊದಲು ನೋಡುವುದು ಸರ್ವೀಸ್ ದಾಖಲೆ. ಕಿಲೋಮೀಟರ್ ಮತ್ತು ದಿನ, ಎರಡರಲ್ಲಿ ಯಾವುದು ಮೊದಲು ಬರುತ್ತೋ ಅದಕ್ಕೆ ಸರಿಯಾಗಿ ಸರ್ವೀಸ್ ಆಗಿರಬೇಕು. ಒಂದು ತಪ್ಪಿದರೆ ಅದೇ ಅವರಿಗೆ ನೆಪ. ಹಾಗಾಗಿ ಸರ್ವೀಸ್ ತಪ್ಪಿಸಬೇಡಿ, ಬಿಲ್ ಎಲ್ಲಾ ಜೋಪಾನವಾಗಿಡಿ.

ವಾರಂಟಿ ಮುಗಿದ ಮೇಲೆ ನೀವೇ ಮಾಡುವುದಾದರೆ, ಮೊದಲು ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ನಮ್ಮ ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. ಗ್ರೇಡ್ ಪುಸ್ತಕದಲ್ಲಿ ಹೇಳಿದ್ದೇ ಇರಲಿ, 10ಡಬ್ಲ್ಯು-30 ಅಂದರೆ ಅದೇ. ಹಳೇ ಆಯಿಲ್ ಇಳಿಸುವ ಡ್ರೇನ್ ಬೋಲ್ಟಿಗೆ ಪ್ರತಿಸಲ ಹೊಸ ವಾಷರ್ ಹಾಕಿ, ಮೈಯೆಲ್ಲಾ ಬಲ ಹಾಕಿ ಬಿಗಿ ಮಾಡಬೇಡಿ. ಅಲ್ಯುಮಿನಿಯಂ ಕೇಸಿನ ಥ್ರೆಡ್ ಹೋದರೆ ಉಳಿಸಿದ ಲೇಬರ್ ಚಾರ್ಜಿನ ಹಲವು ಪಟ್ಟು ಕೊಡಬೇಕಾಗುತ್ತದೆ. ಆಯಿಲ್ ಮತ್ತು ಫಿಲ್ಟರ್ ಕಂಪನಿಯ ಅಧಿಕೃತ ಪಾರ್ಟ್ಸ್ ಅಂಗಡಿಯಲ್ಲೇ ತೆಗೆದುಕೊಳ್ಳಿ. ಜೆ.ಸಿ. ರೋಡಿನಲ್ಲಿ ಎಲ್ಲಾ ಸಿಗುತ್ತೆ, ಒರಿಜಿನಲ್ ಪಕ್ಕದಲ್ಲೇ ಡೂಪ್ಲಿಕೇಟೂ ಸಿಗುತ್ತೆ, ಬಿಲ್ ಕೊಡದವರ ಹತ್ತಿರ ಬೇಡ.

ಕಿಲೋಮೀಟರ್ ಒಂದನ್ನೇ ನಂಬಬೇಡಿ ಅಂತಲೂ ಹೇಳಬೇಕು. ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ ಬೇಕಿತ್ತು. ಅದು ಕಾರಿನ ಲೆಕ್ಕ, ಬೈಕ್ ಸ್ವಲ್ಪ ಬೇಗ ಹೋಗಬಹುದು. ಆದರೂ ಆ ವೇಗದಲ್ಲಿ 3,000 ಕಿ.ಮೀ. ಓಡಲು ಎಂಜಿನ್ ಸುಮಾರು 140 ಗಂಟೆ ದುಡಿಯುತ್ತದೆ. ತುಮಕೂರು ಹೆದ್ದಾರಿಯಲ್ಲಿ 60ರ ವೇಗದಲ್ಲಿ ಅಷ್ಟೇ ದೂರಕ್ಕೆ 50 ಗಂಟೆ ಸಾಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಹೊತ್ತು ಮೀಟರಿನಲ್ಲಿ ಬೀಳುವುದಿಲ್ಲ, ಆಯಿಲ್ ಮಾತ್ರ ಬಿಸಿಯಾಗುತ್ತಲೇ ಇರುತ್ತದೆ. ಅದಕ್ಕೇ ನಮ್ಮ ಊರಿನಲ್ಲಿ ಆಯಿಲ್ ಸ್ವಲ್ಪ ಮುಂಚೆ ಬದಲಿಸಿದರೆ ನಷ್ಟವಿಲ್ಲ, ಕ್ಲಚ್ ಮೇಲೂ ಒಂದು ಕಣ್ಣಿರಲಿ.

ಮನೆಯಲ್ಲಿ ಮುಟ್ಟಬಾರದ್ದೂ ಇದೆ. ಎಬಿಎಸ್ ಇರುವ ಬ್ರೇಕಿನ ಫ್ಲೂಯಿಡ್ ಬದಲಿಸುವುದು, ಫೋರ್ಕ್ ಬಿಚ್ಚುವುದು, ವಾಲ್ವ್ ಕ್ಲಿಯರೆನ್ಸ್. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಎಂಜಿನ್ ಲೈಟ್ ಉರಿದರೆ ಸ್ಕ್ಯಾನರ್ ಬೇಕು. ಹಿಂದೆ ಮೈಸೂರಿನ ಜಾವಾ, ಯೆಜ್ಡಿ ಇಟ್ಟುಕೊಂಡವರು ಪ್ಲಗ್ ಬಿಚ್ಚಿ ಕಾರ್ಬ್ಯುರೇಟರ್ ತೊಳೆದು ದಾರಿಯಲ್ಲೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ಆ ಧೈರ್ಯ ಈಗಲೂ ಬೇಕು, ಆದರೆ ಈಗಿನ ಗಾಡಿಯಲ್ಲಿ ಅದನ್ನು ಬೇರೆ ಜಾಗದಲ್ಲಿ ತೋರಿಸಬೇಕು.

ಕೇಳದ ಎಂಜಿನ್ ಫ್ಲಶ್, ಪಾಲಿಶ್ ಬಗ್ಗೆ ನಿಮ್ಮ ಬೇಸರ ನ್ಯಾಯವಾದದ್ದು. ಗಾಡಿ ಬಿಡುವಾಗ ಪುಸ್ತಕದಲ್ಲಿನ ಸರ್ವೀಸ್ ಚಾರ್ಟ್ ತೆರೆದಿಟ್ಟು, ಶೋರೂಮಿನವರು ಮಾಡುವ ಕೆಲಸಗಳನ್ನು ಬರೆಯುವ ಜಾಬ್ ಕಾರ್ಡ್ ಜೊತೆ ಹೋಲಿಸಿ. ಚಾರ್ಟಿನಲ್ಲಿ ಇಲ್ಲದ್ದನ್ನು ಹೊಡೆದುಹಾಕಲು ಹೇಳಿ, ಆಮೇಲೆ ಸಹಿ ಮಾಡಿ. ಜಗಳ ಬೇಕಿಲ್ಲ, ಪೆನ್ನು ಸಾಕು. ಆದರೂ ಬಿಲ್‌ನಲ್ಲಿ ಸೇರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಆಯಿಲ್ ಬದಲಿಸಲು ಬಿಡುವುದಿಲ್ಲ. ಹಳೇ ಆಯಿಲ್ ಎಲ್ಲಿ ಸುರಿಯಬೇಕು ಅಂತಲೂ ಗೊತ್ತಿಲ್ಲ.
— ಓದುಗರು, ವೈಟ್‌ಫೀಲ್ಡ್

ಉತ್ತರ: ಅಸೋಸಿಯೇಷನ್‌ನವರು ಹೇಳುವುದರಲ್ಲಿ ತಪ್ಪಿಲ್ಲ. ಸುರಿಯುವ ಮಾತೇ ಬೇಡ. ಚರಂಡಿಗೆ ಬಿಟ್ಟದ್ದು ರಾಜಕಾಲುವೆ ಸೇರಿ ನಿಮ್ಮ ಕಡೆಯ ವರ್ತೂರು ಕೆರೆಗೇ ಹೋಗಬಹುದು. ಹಳೇ ಆಯಿಲ್ ಅನ್ನು ಖಾಲಿ ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅವರು ಡ್ರಮ್ಮಿನಲ್ಲಿ ಕೂಡಿಟ್ಟು ಮರುಬಳಕೆಗೆ ಮಾರುತ್ತಾರೆ. ಅದಕ್ಕಿಂತ ಸುಲಭದ ದಾರಿ, ಆಯಿಲ್ ಮತ್ತು ಫಿಲ್ಟರ್ ನೀವೇ ತೆಗೆದುಕೊಂಡು ಹೋಗಿ ನಂಬಿಕೆಯ ಮೆಕ್ಯಾನಿಕ್ ಹತ್ತಿರ ಎದುರಿಗೇ ನಿಂತು ಹಾಕಿಸುವುದು. ನೋಡುತ್ತಾ ಕಲಿಯಲೂಬಹುದು.

ಪ್ರಶ್ನೆ: ನನ್ನದು ಸ್ಕೂಟರ್. ಚೈನೇ ಇಲ್ಲವಲ್ಲ, ಮನೆಯಲ್ಲಿ ನಾನು ನೋಡಿಕೊಳ್ಳುವುದು ಏನಿದೆ?
— ಓದುಗರು, ಯಶವಂತಪುರ

ಉತ್ತರ: ಗಾಳಿ, ಆಯಿಲ್ ಲೆವೆಲ್, ಎರಡೂ ಬ್ರೇಕ್, ಲೈಟುಗಳು. ಏರ್ ಫಿಲ್ಟರನ್ನು ಮಾತ್ರ ಸರ್ವೀಸ್‌ಗೆ ಬಿಟ್ಟಾಗ ಹೊರಗೆ ತೆಗೆದು ತೋರಿಸಲು ಹೇಳಿ, ಮೆಟ್ರೋ ಕಾಮಗಾರಿ ಧೂಳಿನ ರಸ್ತೆಯಾದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಚೈನ್ ಬದಲು ಒಳಗೆ ಬೆಲ್ಟ್ ಇರುತ್ತದೆ, ಅದನ್ನು ಬಿಚ್ಚಲು ಬೇರೆ ಸಾಮಾನು ಬೇಕು, ಮೆಕ್ಯಾನಿಕ್‌ಗೇ ಬಿಡಿ. ಎಂಜಿನ್ ಆಯಿಲ್ ಅಲ್ಲದೆ ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್ ಅಂತ ಬೇರೆ ಇರುತ್ತದೆ. ತುಂಬಾ ಸ್ವಲ್ಪ ಹಿಡಿಯುವುದರಿಂದ ಎಷ್ಟೋ ಕಡೆ ಅದನ್ನು ಮರೆತೇಬಿಡುತ್ತಾರೆ. ಕೊನೆಯ ಸಲ ಯಾವಾಗ ಬದಲಿಸಿದರು ಅಂತ ಹಳೇ ಬಿಲ್ ತೆಗೆದು ನೋಡಿ.