ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ತೋಟದ ಬಂಗಲೆಯಲ್ಲಿ ತಾತನ ಕಾಲದ ಸೀಮೆಎಣ್ಣೆ ಫ್ರಿಜ್ ಇದೆ. ಕೆಳಗೆ ದೀಪ ಉರಿದರೆ ಒಳಗೆ ಐಸ್ ಆಗುತ್ತಿತ್ತಂತೆ. ಬೆಂಕಿಯಿಂದ ತಂಪು ಹೇಗೆ ಬರುತ್ತದೆ? ಮಳೆಗಾಲದಲ್ಲಿ ಕರೆಂಟ್ ಹೋದರೆ ನಾಲ್ಕು ದಿನ ಪತ್ತೆ ಇರುವುದಿಲ್ಲ. ಇದನ್ನು ಸೌದೆಯಲ್ಲಿ ಓಡಿಸಬಹುದಾ?"

ತಂಪು ಮಾಡುವುದು ಬೆಂಕಿಯಲ್ಲ. ಅದು ಏನು ಮಾಡುತ್ತದೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಒಗೆದ ಬಟ್ಟೆ ನೆನಪಿಸಿಕೊಳ್ಳಿ. ವಾರವಾದರೂ ಒಣಗುವುದಿಲ್ಲ, ಅಲ್ವಾ? ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಅದೇ ಬಟ್ಟೆ ಫೆಬ್ರವರಿಯ ಒಣಗಾಳಿಗೆ ಸಂಜೆಯೊಳಗೆ ಗರಿಗರಿ. ಆರುತ್ತಿರುವಾಗ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಆವಿಯಾಗಲು ಶಾಖ ಬೇಕು, ನೀರು ಅದನ್ನು ಬಟ್ಟೆಯಿಂದಲೇ ಕಿತ್ತುಕೊಳ್ಳುತ್ತದೆ.

ಫ್ರಿಜ್ಜಿನ ಹಿಂದಿನ ಕೊಳವೆಗಳೊಳಗೂ ಇದೇ ಕಥೆ. ಬಟ್ಟೆಯ ನೀರಿನ ಬದಲು ಅಲ್ಲಿರುವುದು ಅಮೋನಿಯಾ. ಬಯಲಲ್ಲಿಟ್ಟರೆ ಮೈನಸ್ 33 ಡಿಗ್ರಿಗೇ ಕುದಿಯುವ ದ್ರವ. ಒಣಗಾಳಿಯ ಬದಲು ಹೈಡ್ರೋಜನ್. ಅದು ಸಿಕ್ಕಿದ ಕೂಡಲೇ ಅಮೋನಿಯಾ ಸರಸರ ಆವಿಯಾಗಿ ಪೆಟ್ಟಿಗೆಯ ಶಾಖ ಎಳೆದುಕೊಳ್ಳುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಹೈಡ್ರೋಜನ್ನಿಗೂ ಕಕ್ಕಡದ ಗಾಳಿಯ ಗತಿಯೇ. ಆಗ ನೀರು ಬೇಕು. ಒಂದು ಲೀಟರ್ ತಣ್ಣೀರು ಸುಮಾರು 700 ಲೀಟರ್ ಅಮೋನಿಯಾ ಅನಿಲ ಕುಡಿದುಬಿಡುತ್ತದೆ! ಹೈಡ್ರೋಜನ್ನಿನ ತಂಟೆಗೆ ಮಾತ್ರ ಹೋಗುವುದಿಲ್ಲ. ಗಾಳಿ ಮತ್ತೆ ಒಣಗಾಳಿ.

ದೀಪದ ಕೆಲಸ ಈಗ ಬಂತು. ನೀರನ್ನು ಕಾಯಿಸಿ, ಅದು ಕುಡಿದ ಅಮೋನಿಯಾವನ್ನು ಕಕ್ಕಿಸುವುದು. ಕಾದಾಗ ಏಳುವ ಗುಳ್ಳೆಗಳು ಸಣ್ಣ ಕೊಳವೆಯಲ್ಲಿ ನೀರನ್ನೂ ತಳ್ಳಿಕೊಂಡು ಏರುತ್ತವೆ. ಪರ್ಕೋಲೇಟರಿನಲ್ಲಿ ಕಾಫಿ ಗುಳುಗುಳು ಅಂತ ಮೇಲೆ ಬರುತ್ತದಲ್ಲ, ಹಾಗೆಯೇ. ಅಮೋನಿಯಾ ಹಿಂಬದಿಯ ರೆಕ್ಕೆಗಳಲ್ಲಿ ತಣಿದು, ದ್ರವವಾಗಿ, ಪುನಃ ಪೆಟ್ಟಿಗೆಗೆ ಇಳಿಯುತ್ತದೆ. ಮೋಟಾರಿಲ್ಲ, ಪಂಪಿಲ್ಲ, ಸದ್ದೂ ಇಲ್ಲ.

ಅಮೋನಿಯಾ ಮತ್ತು ನೀರು ಸೇರಿಸಿ ಐಸ್ ಮಾಡುವ ಯಂತ್ರವನ್ನು ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರ ಹೊತ್ತಿಗೇ ಮಾಡಿದ್ದ. ಹೈಡ್ರೋಜನ್ ಸೇರಿಸಿ ಪಂಪನ್ನೇ ಕಿತ್ತುಹಾಕಿದವರು ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, 1922ರಲ್ಲಿ. ಇಬ್ಬರೂ ಆಗಿನ್ನೂ ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದ ಹುಡುಗರು.

ಸೌದೆ ಮಾತ್ರ ಬೇಡ. ಶಾಖ ಯಾವುದಾದರೇನು ಅನ್ನಬಹುದು, ಆದರೆ ಈ ಪೆಟ್ಟಿಗೆ ಸಣ್ಣ ದೀಪದ ಹದಕ್ಕೆ ಮಾಡಿದ್ದು. ಸೌದೆಯ ಉರಿ ಒಮ್ಮೆ ಜೋರು, ಒಮ್ಮೆ ಸಪ್ಪೆ. ಜಾಸ್ತಿಯಾದರೆ ನೀರಿನ ಆವಿಯೂ ಅಮೋನಿಯಾ ಜೊತೆ ಮೇಲೇರಿ ತಂಪು ಕೆಡುತ್ತದೆ.

ಸೀಮೆಎಣ್ಣೆಯಲ್ಲೇ ಹಚ್ಚುವುದಾದರೆ ಕಿಟಕಿ ತೆರೆದಿರಲಿ, ಉರಿ ನೀಲಿಯಾಗಿರಲಿ. ಫ್ರಿಜ್ ಸಮವಾಗಿ ನಿಂತಿದೆಯಾ ನೋಡಿ. ಓರೆಯಾದರೆ ಒಳಗಿನ ದ್ರವ ದಾರಿ ತಪ್ಪುತ್ತದೆ. ನಮ್ಮ ಸೋದರಮಾವನ ಮನೆಯಲ್ಲಿ ಎರಡು ದಿನ ದೀಪ ಉರಿಸಿದರೂ ಹಾಲು ಒಡೆಯುತ್ತಿತ್ತು. ಅತ್ತೆ ಫ್ರಿಜ್ಜಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು ನೋಡಿ, ಒಂದು ಕಾಲಿನ ಕೆಳಗೆ ಮರದ ಚಕ್ಕೆ ತುರುಕಿದರು. ಸರಿಹೋಯಿತು!

ಇನ್ನೊಂದು ಮಾತು. ಮೂಗಿಗೆ ಅಮೋನಿಯಾದ ಘಾಟು ಬಡಿದರೆ, ಕೊಳವೆ ಮೇಲೆ ಹಳದಿ ಪುಡಿ ಕಂಡರೆ, ಎಲ್ಲೋ ಸೋರಿದೆ ಅಂತ ಅರ್ಥ. ದೀಪ ಹಚ್ಚಲೇಬೇಡಿ. ಆ ಪುಡಿ ತುಕ್ಕು ತಡೆಯಲು ಒಳಗೆ ಹಾಕಿದ ಕ್ರೋಮೇಟ್, ವಿಷ. ಬರಿಗೈಯಲ್ಲಿ ಮುಟ್ಟಬಾರದು.

ಎಲ್ಲ ಸರಿಯಿದ್ದರೆ ಮಾಂಸ ಇಡುವ ಹಿಂದಿನ ದಿನವೇ ದೀಪ ಹಚ್ಚಿ. ಬೆಳಿಗ್ಗೆ ಹಚ್ಚಿ ಮಧ್ಯಾಹ್ನಕ್ಕೆ ಐಸ್ ಕೇಳಿದರೆ ಆ ಮುದುಕ ಕೊಡುವುದಿಲ್ಲ.